ಡ್ರ್ಯಾಗನ್ ಜ್ವರಕ್ಕೆ ಕೂತಿದೆ

ನಮ್ಮ ಮನೆಯ ಹಜಾರದಲ್ಲಿ ಭಾನುವಾರ ಮಧ್ಯಾಹ್ನ ಏನಾದರೊಂದು ಆಗದೆ ಇರುವುದಿಲ್ಲ. ಒಂದು ವಾರ ಕಾಡಿಗೆ ಬೆಂಕಿ ಬೀಳುತ್ತದೆ, ಇನ್ನೊಂದು ವಾರ ರಾಜ ಕಳೆದುಹೋಗುತ್ತಾನೆ, ಮತ್ತೊಂದು ವಾರ ಸೋಫಾದ ಹಿಂದಿನಿಂದ ರಾಕ್ಷಸರು ಸಾಲಾಗಿ ಬರುತ್ತಾರೆ. ನಾಲ್ಕು ಗಂಟೆಗೆ ನಾನು ಹಾಲು, ಬನ್ನು ತಂದಿಟ್ಟರೆ ಎಲ್ಲವೂ ತಣ್ಣಗಾಗುತ್ತದೆ. ಈ ವಯಸ್ಸಿನಲ್ಲಿ ನಿಮಗೆ ಇದೆಲ್ಲ ಬೇಕಿತ್ತಾ ಎಂದು ಕೇಳುವವರಿದ್ದಾರೆ. ಬೇಕಿರಲಿಲ್ಲ. ತಾನಾಗಿ ಬಂತು.

ನಾನು ಹುಟ್ಟಿದ್ದು ಅಂಕೋಲೆಯ ಹತ್ತಿರ, ಅಲೆಯ ಸದ್ದು ಅಡುಗೆಮನೆವರೆಗೂ ಕೇಳುವ ಮನೆಯಲ್ಲಿ. ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದು, ಪ್ರೈಮರಿ ಶಾಲೆಯ ಟೀಚರಾಗಿ, ರಿಟೈರ್ ಆಗಿ, ಈಗ ನಾನೂ ಇಲ್ಲಿಯವಳೇ ಎಂದುಕೊಂಡಿದ್ದೇನೆ. ಬೀದಿಯವರು ಇನ್ನೂ ಒಪ್ಪಿಲ್ಲ. ಮಕ್ಕಳಿಗೆ ನಾನು ಇವತ್ತಿಗೂ ‘ಸಮುದ್ರದಜ್ಜಿ’.

ಈ ಆಟ ತಂದವಳು ನನ್ನ ಮೊಮ್ಮಗಳು. ಚಿಕ್ಕಬಳ್ಳಾಪುರದಲ್ಲಿ ಕಾಲೇಜು ಓದುತ್ತಾಳೆ. ಅಲ್ಲಿ ಗೆಳತಿಯರ ಜೊತೆ ಆಡಿ ರುಚಿ ಹತ್ತಿಸಿಕೊಂಡು, ಬೇಸಿಗೆ ರಜೆಯಲ್ಲಿ ನಮ್ಮ ಬೀದಿಯ ಮಕ್ಕಳಿಗೆ ಕಲಿಸಲು ಕೂತಳು. ಆಟ ಬಹಳ ಸುಲಭ. ಒಬ್ಬರು ಕಥೆ ಹೇಳಬೇಕು. ಮಿಕ್ಕವರು ಕಥೆಯೊಳಗೆ ಒಬ್ಬೊಬ್ಬರಾಗಿ ಸೇರಿಕೊಂಡು, ‘ನಾನೀಗ ಹೀಗೆ ಮಾಡ್ತೀನಿ’ ಎನ್ನಬೇಕು. ಅಂದುಕೊಂಡದ್ದು ಆಯಿತೋ ಇಲ್ಲವೋ ಎನ್ನುವುದನ್ನು ಒಂದು ದಾಳ ಹೇಳುತ್ತದೆ. ಅದಕ್ಕೆ ಇಪ್ಪತ್ತು ಮುಖ. ದೊಡ್ಡ ಸಂಖ್ಯೆ ಬಿದ್ದರೆ ಆಯಿತು, ಚಿಕ್ಕದು ಬಿದ್ದರೆ ಕೆಟ್ಟಿತು. ಅಷ್ಟೇ. ಅಷ್ಟೇ ಎಂದು ನಾವು ಅಂದುಕೊಂಡಿದ್ದೆವು.

ಕಳ್ಳನಿಗೆ ಪರ್ಮಿಷನ್

ಮೊದಲ ದಿನ ನಾಲ್ಕು ಮಕ್ಕಳು ಬಂದರು. ಬಸ್ ಕಂಡಕ್ಟರ್ ಮಗಳು, ಒಂಬತ್ತು ವರ್ಷದವಳು, ಎಲ್ಲರಿಗೂ ದೊಡ್ಡಕ್ಕ. ಅವಳ ಸೆರಗು ಹಿಡಿದ ಹಾಗೆ ಬಂದ ನಾಲ್ಕು ವರ್ಷದ ತಮ್ಮ. ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ರೀಲರ್ ಮನೆಯ ಹುಡುಗ, ಎಂಟು ವರ್ಷದವನು. ಮತ್ತೆ ಪಕ್ಕದ ಮನೆಯ ಪುಟ್ಟಿ, ಆರು ವರ್ಷದವಳು. ಅವರದು ಜಂಗಮಕೋಟೆಯಲ್ಲಿ ತಲೆಮಾರುಗಳಿಂದ ರೇಷ್ಮೆ ಹುಳು ಸಾಕುವ ಮನೆತನ. ಅಪ್ಪ ದಿನಾ ಗಾಡಿಯಲ್ಲಿ ಹುಳುಮನೆಗೆ ಹೋಗಿಬರುತ್ತಾನೆ. ಪುಟ್ಟಿ ಅಜ್ಜಿಯ ಜೊತೆ ಇಲ್ಲಿರುತ್ತಾಳೆ.

“ಯಾರ್ ಯಾರು ಏನೇನಾಗ್ತೀರ? ವೀರ ಇದಾನೆ, ಮಂತ್ರವಾದಿ ಇದಾನೆ, ಕಳ್ಳ ಇದಾನೆ” ಎಂದಳು ಮೊಮ್ಮಗಳು.

“ನಾನು ಕಂಡಕ್ಟರ್” ಎಂದಳು ಕಂಡಕ್ಟರ್ ಮಗಳು.

“ಕಾಡಲ್ಲಿ ಕಂಡಕ್ಟರ್ ಯಾಕೆ ಕಣೇ?”

“ಎಲ್ರೂ ಬಂದ್ರಾ ಇಲ್ವಾ ಅಂತ ಎಣಿಸೋರು ಬೇಡ್ವಾ ಅಕ್ಕ?”

ಅವಳ ತಮ್ಮ ತಾನು ಜೆಸಿಬಿ ಆಗುತ್ತೇನೆ ಎಂದ. ಜೆಸಿಬಿ ಓಡಿಸುವವನಲ್ಲ, ಜೆಸಿಬಿಯೇ. ಮೊಮ್ಮಗಳು ಎಷ್ಟು ಹೇಳಿದರೂ ಅವನು ‘ಟರ್ರ್’ ಎನ್ನುವುದನ್ನು ಬಿಟ್ಟು ಬೇರೆ ಉತ್ತರ ಕೊಡಲಿಲ್ಲ. ಪುಟ್ಟಿ, “ನಾನು ಗಾಯ ಆದೋರಿಗೆ ಔಷಧಿ ಹಾಕ್ತೀನಿ” ಎಂದಳು. ಉಳಿದದ್ದು ರೀಲರ್ ಮಗ. ಅವನಿಗೆ ಕಳ್ಳನ ಮೇಲೆ ಆಸೆ. ಆದರೆ ಮುಖ ಸಣ್ಣಗಾಗಿತ್ತು.

“ನಮ್ ಅಮ್ಮಿ ಬೈತಾರೆ” ಎಂದ.

“ಆಟದಲ್ಲಿ ಕಣಪ್ಪ, ನಿಜವಾಗ್ಲೂ ಅಲ್ಲ.”

“ಆದ್ರೂ ಕೇಳ್ಕೊಂಡ್ ಬರ್ತೀನಿ.”

ಓಡಿಹೋದ. ನಾವೆಲ್ಲ ಕಾದೆವು. ಆಚೆ ಬೀದಿಯಿಂದ ಏದುಸಿರು ಬಿಡುತ್ತಾ ಬಂದು ಹೇಳಿದ: “ಕಳ್ಳ ಆಗ್ಬಹುದಂತೆ. ಆದ್ರೆ ಕದ್ದಿದ್ದನ್ನೆಲ್ಲ ಕತ್ತಲಾಗೋಷ್ಟರಲ್ಲಿ ವಾಪಸ್ ಕೊಟ್ಟು ಮನೆಗೆ ಬರ್ಬೇಕಂತೆ.”

ಆಧಾರ್ ಇಲ್ಲದ ರಾಕ್ಷಸಿ

ಎರಡನೆಯ ವಾರ ಮೊಮ್ಮಗಳು ಮಕ್ಕಳನ್ನು ಬೆಟ್ಟದ ದಾರಿಗೆ ಕರೆದೊಯ್ದಳು. ಗುಹೆಯ ಬಾಗಿಲಿಗೆ ಅಡ್ಡವಾಗಿ ರಾಕ್ಷಸರ ಗುಂಪು ನಿಲ್ಲಿಸಿ, ದನಿ ದಪ್ಪ ಮಾಡಿಕೊಂಡು, “ಯಾರದು? ಒಂದು ಹೆಜ್ಜೆ ಮುಂದಿಟ್ಟರೆ ನುಂಗಿಬಿಡ್ತೀವಿ” ಎಂದಳು. ನನಗೇ ಸ್ವಲ್ಪ ಭಯವಾಯಿತು. ಮಕ್ಕಳು ಓಡಿಹೋಗುತ್ತಾರೆ, ಇಲ್ಲವೇ ಕೋಲು ಎತ್ತುತ್ತಾರೆ ಎಂದುಕೊಂಡೆ.

ಕಂಡಕ್ಟರ್ ಮಗಳು ಎದ್ದು ನಿಂತಳು.

“ಬಾಗಿಲಲ್ಲಿ ಯಾಕ್ರೀ ನಿಂತಿದೀರ? ಒಳಗೆ ಹೋಗ್ರೀ, ಒಳಗೆ ಜಾಗ ಇದೆ.”

ಮೊಮ್ಮಗಳು ತಬ್ಬಿಬ್ಬಾದಳು. “ನಾವು ರಾಕ್ಷಸರು” ಎಂದಳು, ದನಿ ಅರ್ಧ ತೆಳ್ಳಗಾಗಿತ್ತು.

“ಯಾರಾದ್ರೂ ಆಗಿ. ಮುಂದೆ ಹೋಗಿ, ಮುಂದೆ. ಕೊಂಬು ಇರೋರು ತಲೆ ಬಗ್ಗಿಸ್ರೀ. ಆ ಗದೆ ಸೀಟಿನ ಕೆಳಗಿಡಿ, ಕಾಲಿಗೆ ಸಿಕ್ತದೆ.”

“ದಾಳ ಹಾಕ್ಬೇಕು” ಎಂದಳು ಮೊಮ್ಮಗಳು, ಕೊನೆಯ ಆಸರೆ ಎಂಬಂತೆ. ಕಂಡಕ್ಟರ್ ಮಗಳು ಹಾಕಿದಳು. ಹತ್ತೊಂಬತ್ತು ಬಿತ್ತು. ರಾಕ್ಷಸರೆಲ್ಲ ತಲೆ ಬಗ್ಗಿಸಿಕೊಂಡು ಗುಹೆಯೊಳಗೆ ಸರಿಯಬೇಕಾಯಿತು. ಆದರೂ ಸೋಲೊಪ್ಪದೆ ಮೊಮ್ಮಗಳು ಒಬ್ಬಳು ಭಾರಿ ರಾಕ್ಷಸಿಯನ್ನು ಉಳಿಸಿಕೊಂಡಿದ್ದಳು. ಆ ರಾಕ್ಷಸಿ ಸೊಂಟದ ಮೇಲೆ ಕೈಯಿಟ್ಟು, “ನಾನು ಯಾರ ಮಾತೂ ಕೇಳೋದಿಲ್ಲ” ಎಂದಳು.

“ಹೆಂಗಸರಿಗೆ ಫ್ರೀ ಇದೆ” ಎಂದಳು ಕಂಡಕ್ಟರ್ ಮಗಳು. “ಆಧಾರ್ ತೋರ್ಸಿ.”

ರಾಕ್ಷಸಿಯ ಹತ್ತಿರ ಆಧಾರ್ ಇರಲಿಲ್ಲ. ಬೆಟ್ಟ ಇಳಿದು ನಡೆದುಕೊಂಡು ಹೋದಳು.

ಎಲ್ಲರೂ ಊರಿಗೆ ಹೋದರು

ಎಲ್ಲ ವಾರವೂ ಹೀಗೆ ನಗುತ್ತಲೇ ಮುಗಿಯಿತು ಎನ್ನಲಾರೆ. ಮುಂದಿನ ವಾರ ಕಥೆಯಲ್ಲಿ ಒಂದು ತೋಳ ಬಂತು. ಕಂಡಕ್ಟರ್ ಮಗಳು ಕೋಲು ಬೀಸಿದಳು, ದಾಳ ಹದಿನೆಂಟು ಬಿತ್ತು, ಮೊಮ್ಮಗಳು ಹುರುಪಿನಲ್ಲಿ, “ತೋಳ ಸತ್ತೋಯ್ತು” ಎಂದಳು.

ಪುಟ್ಟಿಯ ತುಟಿ ಅಲುಗಿತು. “ಅದನ್ನ ಬಿಸಿನೀರಿಗೆ ಹಾಕ್ತಾರಾ?” ಎಂದು ಕೇಳಿದಳು. ಯಾರೂ ಉತ್ತರ ಕೊಡುವ ಮೊದಲೇ ಅಳುತ್ತಾ ಎದ್ದು ಮನೆಗೆ ಹೋದಳು.

ನಮಗೆ ಅರ್ಥವಾಗಲಿಲ್ಲ. ರೀಲರ್ ಮಗನಿಗೆ ಆಯಿತು. ಅವನು ನೆಲ ನೋಡುತ್ತಾ ಹೇಳಿದ: “ನಾನೇ ಅಜ್ಜಿ. ರಜ ಶುರುವಾದಾಗ ಅವಳಿಗೆ ನಮ್ಮ ಯೂನಿಟ್ ತೋರಿಸ್ದೆ. ಗೂಡು ಬೇಯೋದನ್ನ.”

ಪುಟ್ಟಿ ಹುಟ್ಟಿದಾಗಿನಿಂದ ಹುಳುಗಳ ನಡುವೆ ಬೆಳೆದವಳು. ಪುಟ್ಟ ಕೈಯಲ್ಲಿ ಅವಕ್ಕೆ ಸೊಪ್ಪು ಹಾಕಿದವಳು. ಅವು ಗೂಡು ಕಟ್ಟಿ, ಮಾರ್ಕೆಟ್ಟಿಗೆ ಹೋಗಿ, ಅಲ್ಲಿಂದ ಎಲ್ಲೋ ಒಳ್ಳೆಯ ಕಡೆ ಹೋಗುತ್ತವೆ ಎಂದು ನಂಬಿದ್ದವಳು. ಬಿಸಿನೀರಿನ ಬಾಣಲೆಯಲ್ಲಿ ಗೂಡಿನೊಳಗಿರುವ ಹುಳು ಏನಾಗುತ್ತದೆ ಎಂಬುದು ಆವತ್ತೇ ಅವಳಿಗೆ ತಿಳಿದದ್ದು. ಆಮೇಲೆ ಜಂಗಮಕೋಟೆಯ ಹುಳುಮನೆಗೆ ಕಾಲಿಟ್ಟಿರಲಿಲ್ಲ. ಮನೆಯಲ್ಲಿ ಮಾತೂ ಕಡಿಮೆ. ಭಾನುವಾರ ನಮ್ಮ ಹಜಾರದಲ್ಲಿ ಮಾತ್ರ ನಗುತ್ತಿದ್ದಳು.

ಮಾರನೆಯ ದಿನ ಅವಳ ಅಜ್ಜಿ ಬಂದರು. ಬೀದಿಯಲ್ಲಿ ಅವರನ್ನು ಹುಳುಮನೆ ಅಜ್ಜಿ ಎನ್ನುತ್ತಾರೆ. ನನಗಿಂತ ಎರಡು ಮೂರು ವರ್ಷ ದೊಡ್ಡವರು, ಹತ್ತು ಪಟ್ಟು ಗಟ್ಟಿ.

“ಏನ್ ಟೀಚರಮ್ಮ, ಮಕ್ಕಳ ಕೈಲಿ ದಾಳ ಆಡಿಸ್ತಾ ಇದೀರಂತೆ” ಎಂದರು, ಚಪ್ಪಲಿ ಬಿಡುವ ಮೊದಲೇ.

“ಜೂಜಲ್ಲಕ್ಕ, ಕಥೆ.”

“ಎಲ್ಲಿ ಕೊಡಿ ಅದನ್ನ.” ದಾಳವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. “ಆರು ಮುಖದ್ರಲ್ಲೇ ರಾಜ್ಯಗಳು ಹೋದ್ವು. ಇದಕ್ಕೆ ಇಪ್ಪತ್ತು ಮುಖ. ಊರೇ ಉಳಿಯಲ್ಲ.”

ಆಮೇಲೆ ಕೂತು, ದನಿ ತಗ್ಗಿಸಿ ಹೇಳಿದರು: “ನೋಡಿ ಟೀಚರಮ್ಮ, ಮಗು ನಿನ್ನೆ ಒಂದು ತುತ್ತು ಮುದ್ದೆ ಮುಟ್ಟಿಲ್ಲ. ಮೊದಲೇ ಅದರ ಮನಸು ಮೆತ್ತಗೈತೆ. ಇನ್ನೊಂದು ಸಲ ನಿಮ್ಮನೆಯಿಂದ ಅತ್ಕೊಂಡು ಬಂತೋ, ಅವತ್ತಿಂದ ಅದು ಇಲ್ಲಿಗೆ ಬರಲ್ಲ. ಆಟ ಅಲ್ಲಿಗೆ ಮುಗೀತು.”

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ನಾವು ನಿಯಮ ಬದಲಾಯಿಸಿದೆವು. ನಮ್ಮ ಆಟದಲ್ಲಿ ಇನ್ನು ಯಾರೂ ಸಾಯುವ ಹಾಗಿಲ್ಲ. ಪೆಟ್ಟು ಜಾಸ್ತಿ ಆದವರು ‘ಊರಿಗೆ ಹೋಗುತ್ತಾರೆ’. ರಾಕ್ಷಸನಿಗೆ ಏಟು ಬಿದ್ದರೆ, “ಅಯ್ಯೋ, ನಮ್ಮೂರ ಬಸ್ಸು ಬಂತು” ಎಂದು ಚೀಲ ಎತ್ತಿಕೊಂಡು ಹೊರಡುತ್ತಾನೆ. ತೋಳ ಗೌರಿಬಿದನೂರಿಗೆ ಹೋಯಿತು, ಅಲ್ಲಿ ಅದರ ಚಿಕ್ಕಪ್ಪ ಇದ್ದಾನೆ. ಪುಟ್ಟಿ ಒಪ್ಪಿದಳು. ಮಕ್ಕಳಿಗೆ ಈ ಮಾತು ಎಷ್ಟು ಹಿಡಿಸಿತೆಂದರೆ, ಜೆಸಿಬಿ ನನ್ನ ತೋಳಿನ ಮೇಲೆ ಕೂತಿದ್ದ ಸೊಳ್ಳೆಗೆ ಫಟ್ಟನೆ ಹೊಡೆದು, “ಅಜ್ಜಿ, ಊರಿಗೆ ಕಳಿಸ್ದೆ” ಎಂದ.

ಅದೇ ಹೊತ್ತಿಗೆ ಅಂಕೋಲೆಯಿಂದ ನನ್ನ ತಮ್ಮನ ಫೋನ್ ಬಂತು. ನನಗೆ ಕಿವಿ ಮಂದ, ಸ್ಪೀಕರ್ ಹಾಕಿಯೇ ಮಾತಾಡುವುದು. ಅವನು ಎಂದಿನಂತೆ, “ಅಕ್ಕಾ, ನೀನು ಊರಿಗೆ ಯಾವಾಗ ಬರೋದು ಅಂತ ಎಲ್ಲರೂ ಕೇಳ್ತಿದ್ದರು, ನಾವಂತೂ ಕಾಯ್ತಾ ಇದ್ದೇವೆ” ಎಂದ.

ಮಕ್ಕಳೆಲ್ಲ ಆಟ ಬಿಟ್ಟು ನನ್ನ ಕಡೆ ತಿರುಗಿದರು. ಜೆಸಿಬಿ ಬಂದು ನನ್ನ ಸೀರೆ ಗಟ್ಟಿಯಾಗಿ ಹಿಡಿದುಕೊಂಡು ಫೋನಿಗೆ ಹೇಳಿದ: “ಅಜ್ಜಿ ಇನ್ನೂ ಚೆನ್ನಾಗಿದಾಳೆ.”

ಕಟ್ಟೆ ಇಲ್ಲದ ಕೆರೆ

ಮೊಮ್ಮಗಳಿಗೆ ಪರೀಕ್ಷೆ ಹತ್ತಿರ ಬಂತು. ಭಾನುವಾರವೂ ಚಿಕ್ಕಬಳ್ಳಾಪುರದ ಗೆಳತಿಯ ಮನೆಯಲ್ಲೇ ಓದು. ಮಕ್ಕಳು ಬಂದು ಹಜಾರದಲ್ಲಿ ಕೂತರು. “ಅಕ್ಕ ಇಲ್ಲ ಕಣ್ರೋ” ಎಂದೆ. “ಅಜ್ಜಿ ಇದೀಯಲ್ಲ” ಎಂದರು. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಕಥೆ ಹೇಳಿದವಳು ನಾನು. ಇದೇನು ಮಹಾ ಎಂದು ದಾಳ ಕೈಗೆ ತೆಗೆದುಕೊಂಡೆ. ಶಾಲೆಯಲ್ಲಿ ಕಥೆ ಹೇಳುವಾಗ ಮಕ್ಕಳು ಕೈಕಟ್ಟಿ ಕೂತಿರುತ್ತಿದ್ದರು ಎಂಬುದು ಮರೆತೇಹೋಗಿತ್ತು.

ನನಗೆ ಗೊತ್ತಿರುವ ಅಚ್ಚರಿಯೆಂದರೆ ಒಂದೇ. ಅದನ್ನೇ ತಂದೆ. “ಕಾಡು ಮುಗೀತು. ಎದುರಿಗೆ ಸಮುದ್ರ. ಕಣ್ಣು ಹಾಯೋವರೆಗೂ ನೀರು. ಆಚೆ ದಡದಲ್ಲಿ ಡ್ರ್ಯಾಗನ್ ಗುಹೆ. ಹೇಗೆ ದಾಟ್ತೀರ?”

ದೋಣಿ ಎನ್ನುತ್ತಾರೆ ಎಂದು ಕಾದೆ. ದೋಣಿಗೆ ಹುಟ್ಟು, ಹಾಯಿ, ಬಿರುಗಾಳಿ, ಎಲ್ಲ ಸಿದ್ಧ ಮಾಡಿಕೊಂಡಿದ್ದೆ.

“ಕಟ್ಟೆ ಯಾವ ಕಡೆ ಇದೆ?” ಎಂದ ರೀಲರ್ ಮಗ.

“ಸಮುದ್ರಕ್ಕೆ ಕಟ್ಟೆ ಇರಲ್ಲ ಕಣಪ್ಪ.”

“ಕಟ್ಟೆ ಮೇಲೆ ನಡ್ಕೊಂಡು ಹೋಗಣ ಅಂತ. ಕಟ್ಟೆ ಇಲ್ದೆ ನೀರು ಹೆಂಗೆ ನಿಂತಿದೆ ಅಜ್ಜಿ?”

ಇಷ್ಟು ವರ್ಷ ಬದುಕಿದ್ದರೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

“ಕೋಡಿ ಬಿದ್ದಿದೆಯಾ?” ಎಂದಳು ಪುಟ್ಟಿ. ಅವಳಿಗೆ ಕೆರೆ ತುಂಬಿ ಕೋಡಿ ಹರಿದದ್ದು ಒಮ್ಮೆ ನೋಡಿದ ನೆನಪು. ಅದೇ ಅವಳ ಪಾಲಿಗೆ ಪ್ರಪಂಚದ ದೊಡ್ಡ ನೀರು.

“ಇದು ಕೆರೆ ಅಲ್ಲಮ್ಮ, ಯಾವಾಗಲೂ ತುಂಬಿರುತ್ತೆ.”

ಈ ಮಾತು ನಾನು ಆಡಬಾರದಿತ್ತು. ಮಳೆ ನೋಡಿ ಲೆಕ್ಕ ಹಾಕುವ ಸೀಮೆಯ ಮಕ್ಕಳ ಮುಂದೆ, ಯಾವಾಗಲೂ ತುಂಬಿರುವ ನೀರು ಎಂದರೆ ಸುಮ್ಮನಿರುತ್ತಾರೆಯೇ? ನಾಲ್ವರೂ ಮುಖ ಮುಖ ನೋಡಿಕೊಂಡರು. ಡ್ರ್ಯಾಗನ್ ಮರೆತೇಹೋಯಿತು. ಜೆಸಿಬಿ ‘ಟರ್ರ್’ ಎಂದು ಕಾಲುವೆ ತೋಡಲು ಶುರುಮಾಡಿದ. ರೀಲರ್ ಮಗ, “ನಾನು ಕಳ್ಳ ತಾನೆ, ತೂಬು ಎತ್ತಿಬಿಡ್ತೀನಿ” ಎಂದು ದಾಳ ಹಾಕಿದ. ಹದಿನೇಳು. ನನ್ನ ಕಣ್ಣೆದುರಿಗೇ ಇಡೀ ಅರಬ್ಬಿ ಸಮುದ್ರ ಜಂಗಮಕೋಟೆ ಕಡೆಗೆ ಹರಿದುಹೋಯಿತು.

“ಅದು ಉಪ್ಪುನೀರು ಕಣ್ರೋ, ತೋಟ ಎಲ್ಲ ಸುಟ್ಟೋಗುತ್ತೆ” ಎಂದು ಕೂಗಿಕೊಂಡೆ.

“ಮೊದ್ಲೇ ಹೇಳ್ಬಾರ್ದಾ ಅಜ್ಜಿ” ಎಂದಳು ಕಂಡಕ್ಟರ್ ಮಗಳು.

ಒಣಗಿದ ತಳದ ಮೇಲೆ ಆರಾಮವಾಗಿ ನಡೆದು ಎಲ್ಲರೂ ಆಚೆ ದಡ ಸೇರಿದರು. ನಾನು ಹುಟ್ಟಿದೂರು ನೀರಿಲ್ಲದೆ ನಿಂತಿತ್ತು. ನನ್ನ ಮುಖ ನೋಡಿ ಏನನ್ನಿಸಿತೋ, ರೀಲರ್ ಮಗ ಕಿಟಕಿಯಾಚೆ ಬಿಸಿಲು ನೋಡಿ ಸಮಾಧಾನ ಹೇಳಿದ: “ಚಿಂತೆ ಮಾಡ್ಬೇಡ ಅಜ್ಜಿ. ಕತ್ತಲಾಗೋಷ್ಟರಲ್ಲಿ ವಾಪಸ್ ತಂದಿಡ್ತೀನಿ.”

ಜ್ವರ

ಡ್ರ್ಯಾಗನ್ ಹೇಗಿರಬೇಕೆಂದು ಮೊಮ್ಮಗಳು ಫೋನಿನಲ್ಲಿ ಹೇಳಿಕೊಟ್ಟಿದ್ದಳು. ಬಸ್ಸಿನಷ್ಟು ಉದ್ದ ಇರಬೇಕು, ಭಯ ಹುಟ್ಟಿಸಬೇಕು. ಅದರ ಹಿಂದೆ ರಾಜಕುಮಾರಿಯನ್ನು ಕಟ್ಟಿಹಾಕಿರಬೇಕು. ಮಕ್ಕಳು ಉಪಾಯ ಮಾಡಿ ಅವಳನ್ನು ಬಿಡಿಸಬೇಕು. ಡ್ರ್ಯಾಗನ್ ಊರಿಗೆ ಹೋಗಬೇಕು. ಅಲ್ಲಿಗೆ ಕಥೆ ಮುಗಿಯಿತು.

ನಾನು ಆದಷ್ಟು ಭಯಂಕರವಾಗಿ ಹೇಳಿದೆ. “ಗುಹೆಯೊಳಗೆ ಕತ್ತಲು. ನಡುವೆ ಡ್ರ್ಯಾಗನ್. ಬೆಳ್ಳಗಿನ ಮೈ. ತಲೆ ಮೇಲಕ್ಕೆತ್ತಿ, ಒಂದಿಷ್ಟೂ ಅಲ್ಲಾಡದೆ, ಕಲ್ಲಿನ ಹಾಗೆ ಕೂತಿದೆ. ಏನ್ ಮಾಡ್ತೀರ?”

ಜೆಸಿಬಿ ‘ಟರ್ರ್’ ಎಂದು ಮುಂದೆ ನುಗ್ಗಿದ.

“ಮುಟ್ಬೇಡ” ಎಂದಳು ಪುಟ್ಟಿ. ಅವಳು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. “ಅದು ಜ್ವರಕ್ಕೆ ಕೂತಿದೆ.”

ಈ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿ, ಅಲ್ಲಾಡದೆ ಕೂತುಬಿಡುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಆ ಹೊತ್ತಿನಲ್ಲಿ ಸೊಪ್ಪು ಹಾಕುವ ಹಾಗಿಲ್ಲ, ಅಲುಗಿಸುವ ಹಾಗಿಲ್ಲ. ಎದುರಿಗೆ ತಲೆಯೆತ್ತಿ ಕೂತದ್ದು ಹೆಡೆ ಬಿಚ್ಚಿದ ಹಾವಿನಂತೆ ಕಾಣಲಿ ಎಂದು ನಾನು ಹೇಳಿದ್ದೆ. ಸಮುದ್ರದವಳಿಗೆ ಏನು ಗೊತ್ತು?

“ಪುಟ್ಟಮ್ಮ, ಅದು ಡ್ರ್ಯಾಗನ್” ಎಂದೆ.

“ರೆಕ್ಕೆ ಇದೆಯಾ?”

ಮೊಮ್ಮಗಳು ರೆಕ್ಕೆಯ ಮಾತು ಎತ್ತಿರಲಿಲ್ಲ. “ಇಲ್ಲ” ಎಂದೆ.

“ಕಾಲು?”

“ಚಿಕ್ಕ ಚಿಕ್ಕವು ಇವೆ.”

“ಹಂಗಾದ್ರೆ ಹುಳಾನೇ.”

ಮಿಕ್ಕವರು ನನ್ನ ಕಡೆ ನಿಲ್ಲುತ್ತಾರೆ ಎಂದುಕೊಂಡೆ. ರೀಲರ್ ಮಗ, “ಎಷ್ಟನೇ ಜ್ವರ?” ಎಂದು ಕೇಳಿದ. “ಇಷ್ಟು ದಪ್ಪ ಇದೆ ಅಂದ್ರೆ ನಾಲ್ಕನೇದು” ಎಂದಳು ಪುಟ್ಟಿ. ಕಂಡಕ್ಟರ್ ಮಗಳು ತಮ್ಮನಿಗೆ ಎಂಜಿನ್ ಆಫ್ ಮಾಡಲು ಹೇಳಿದಳು. ಎಲ್ಲರೂ ಗೋಡೆಗೆ ಒರಗಿ, ಪಿಸುಮಾತಿನಲ್ಲಿ ಕಾಯುತ್ತಾ ಕೂತರು. ಕಥೆ ನಡೆಸಬೇಕಾದವಳು ನಾನು. ರಾಜಕುಮಾರಿಯಾಗಿ ನರಳಿದೆ: “ಯಾರಾದ್ರೂ ನನ್ನ ಕೈ ಬಿಚ್ಚಿ.”

“ಶ್... ಅಕ್ಕ, ಜ್ವರ ಇಳೀಲಿ ಇರಿ” ಎಂದಳು ಕಂಡಕ್ಟರ್ ಮಗಳು.

ಜ್ವರ ಇಳಿಯಿತು. ಇಳಿಸದೆ ನನಗೆ ಗತಿ ಇರಲಿಲ್ಲ. ನಾಲ್ಕನೇ ಜ್ವರದಿಂದ ಎದ್ದ ಹುಳು ತಿನ್ನುವುದಕ್ಕೆ ಲೆಕ್ಕವೇ ಇಲ್ಲ. ಕೆಂಚಾರ್ಲಹಳ್ಳಿವರೆಗಿನ ಸೊಪ್ಪೆಲ್ಲ ಜೆಸಿಬಿ ಹೊತ್ತು ತಂದ. ಸಾಲದೆ ಬಂದಾಗ ಕಳ್ಳ ಅಕ್ಕಪಕ್ಕದ ತೋಟಗಳಲ್ಲಿ ಕದ್ದ. ಆಮೇಲೆ ತಲೆ ಮೇಲೆ ಕೈಹೊತ್ತು ಕೂತ. ಕತ್ತಲಾಗುವಷ್ಟರಲ್ಲಿ ವಾಪಸ್ ಕೊಡಬೇಕಲ್ಲ, ಸೊಪ್ಪು ಹುಳುವಿನ ಹೊಟ್ಟೆ ಸೇರಿತ್ತು. ಕೊನೆಗೆ ಹಿಕ್ಕೆಯನ್ನೆಲ್ಲ ಗೋರಿ, ಯಾವ್ಯಾವ ತೋಟದ್ದೋ ಆಯಾ ತೋಟಕ್ಕೆ ಗೊಬ್ಬರವಾಗಿ ಹಾಕಿಬಂದ. “ಅಮ್ಮಿ ಕೇಳಿದ್ರೆ ವಾಪಸ್ ಕೊಟ್ಟೆ ಅಂತೀನಿ, ಸುಳ್ಳಲ್ಲ” ಎಂದ.

ಮುಂದಿನ ಭಾನುವಾರ ಪುಟ್ಟಿ ಎಲ್ಲರಿಗಿಂತ ಮುಂಚೆ ಬಂದಳು. ಬಂದವಳೇ, “ಹುಳ ಇವತ್ತು ಹಣ್ಣಾಗಿರುತ್ತೆ ಅಜ್ಜಿ” ಎಂದಳು. ತಿನ್ನುವುದು ನಿಂತು ಮೈ ಹೊಳೆಯತೊಡಗಿದರೆ ಹುಳು ಹಣ್ಣಾಯಿತು ಎಂದರ್ಥ. ಆಗ ಅದನ್ನು ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು, ಗೂಡು ಕಟ್ಟಲು. ಬಸ್ಸಿನಷ್ಟು ಉದ್ದದ ಹುಳುವಿಗೆ ಚಂದ್ರಿಕೆ ಎಲ್ಲಿಂದ ತರುವುದು ಎಂದು ಬಹಳ ಚರ್ಚೆಯಾಯಿತು. ಕಳವಾರದ ಹತ್ತಿರದ ಸ್ಕಂದಗಿರಿ ಬೆಟ್ಟದ ಮೇಲೆ ಬಿಡುವುದೆಂದು ತೀರ್ಮಾನವಾಯಿತು. ಅಲ್ಲಿ ಗಾಳಿ ಚೆನ್ನಾಗಿದೆ. ಬೆಟ್ಟ ಹತ್ತಲು ಬರುವವರಿಗೆ ಆವತ್ತು ಟಿಕೆಟ್ ಕೊಡುವುದಿಲ್ಲ ಎಂದು ಕಂಡಕ್ಟರ್ ಮಗಳು ಹೇಳಿದಳು. ಡ್ರ್ಯಾಗನ್ ಬೆಟ್ಟದ ತುದಿಯಲ್ಲಿ ಸುತ್ತಿ ಸುತ್ತಿ ನೂಲು ಬಿಟ್ಟಿತು. ಮೋಡದೊಳಗೆ ಹಳದಿ ಗೂಡು ಎದ್ದು ನಿಂತಿತು. ನಾನು ಚೆನ್ನಾಗಿಯೇ ವರ್ಣಿಸಿದೆ ಎನ್ನಬೇಕು.

ಆದರೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಗೂಡಾದ ಮೇಲೆ ಏನು ಎಂದು ನಾಲ್ವರಿಗೂ ಗೊತ್ತಿತ್ತು. ನನಗೆ ಮಾತ್ರ ಆಗ ಹೊಳೆಯಿತು.

“ಈಗ ಮಾರ್ಕೆಟ್ಟಿಗೆ” ಎಂದ ರೀಲರ್ ಮಗ, ಮೆಲ್ಲಗೆ. “ಆಮೇಲೆ... ನಮ್ಮನೆಗೆ.”

ಪುಟ್ಟಿಯ ತುಟಿ ಅಲುಗಿತು.

ಅದೇ ಗಳಿಗೆಯಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಪುಟ್ಟಿಯನ್ನು ಕರೆದೊಯ್ಯಲು ಬಂದ ಹುಳುಮನೆ ಅಜ್ಜಿ ಹೊಸ್ತಿಲಲ್ಲಿ ನಿಂತು ಅವಳ ಮುಖವನ್ನೇ ನೋಡುತ್ತಿದ್ದರು. ಅವರು ಹೇಳಿದ್ದ ಮಾತು ನನ್ನ ಕಿವಿಯಲ್ಲಿ ಗುಂಯ್‌ಗುಟ್ಟಿತು. ಇನ್ನೊಂದು ಸಲ ಅತ್ತರೆ ಆಟ ಮುಗಿಯಿತು. ಗಾಬರಿಯಲ್ಲಿ ನಾನು, “ಅಷ್ಟರಲ್ಲಿ ರಾಜಕುಮಾರಿ ಬಂದು ಏನು ಮಾಡ್ತಾಳೆ ಅಂದ್ರೆ...” ಎಂದು ಶುರುಮಾಡಿದೆ.

“ಅಜ್ಜಿ, ರಾಜಕುಮಾರಿಗೆ ಇದೆಲ್ಲ ಗೊತ್ತಾಗಲ್ಲ” ಎಂದಳು ಕಂಡಕ್ಟರ್ ಮಗಳು.

ರೀಲರ್ ಮಗನ ಕಣ್ಣಲ್ಲೂ ನೀರಿತ್ತು. “ಬೇಯಿಸ್ದೇ ಹೋದ್ರೆ ಚಿಟ್ಟೆ ಗೂಡು ತೂತು ಮಾಡ್ಕೊಂಡು ಆಚೆ ಬರುತ್ತೆ. ನೂಲೆಲ್ಲ ತುಂಡು ತುಂಡು. ಅಬ್ಬಾ ಹೇಳಿದಾರೆ. ನಾನೇನ್ ಮಾಡ್ಲಿ?”

ಪುಟ್ಟಿ ಲಂಗದ ಅಂಚಿನಲ್ಲಿ ಮೂಗು ಒರೆಸಿಕೊಂಡಳು. ಆಮೇಲೆ ಹೇಳಿದಳು: “ಇದು ಬಿತ್ತನೆ ಗೂಡು.”

ಬಿತ್ತನೆ ಗೂಡು ಎಂದರೆ ಬೀಜಕ್ಕೆ ಇಟ್ಟದ್ದು. ಅದನ್ನು ಯಾರೂ ಬೇಯಿಸುವುದಿಲ್ಲ. ಚಿಟ್ಟೆ ಹೊರಗೆ ಬಂದು ಮೊಟ್ಟೆ ಇಡಬೇಕು, ಮುಂದಿನ ಬೆಳೆ ಅದರಿಂದಲೇ. ರೀಲರ್ ಮಗನ ಮುಖ ಅರಳಿತು. ಆದರೆ ಅವನು ವ್ಯಾಪಾರದ ಮನೆಯವನು.

“ಬಿತ್ತನೆ ಅಂತ ಯಾರು ಹೇಳಿದ್ದು?”

“ಸಾಕಿದ್ದು ನಾನು.”

“ದಾಳ ಹಾಕು.”

ನಿಯಮ ನಿಯಮವೇ. ಪುಟ್ಟಿ ಎರಡೂ ಕೈಯಲ್ಲಿ ದಾಳ ಕುಲುಕಿ ಬಿಟ್ಟಳು. ಅದು ಉರುಳುತ್ತಾ ಹೋಗಿ ಹೊಸ್ತಿಲ ಬಳಿ ನಿಂತಿತು. ಎರಡು.

ಹುಳುಮನೆ ಅಜ್ಜಿ ಬಗ್ಗಿ ಕಾಲ ಬಳಿ ಬಿದ್ದಿದ್ದ ದಾಳ ಎತ್ತಿಕೊಂಡರು.

“ಬಿತ್ತನೆ ಹೌದೋ ಅಲ್ವೋ ಅನ್ನೋದು ದಾಳ ನೋಡಿ ಹೇಳೋದಾ?” ಎಂದರು. “ಗೂಡು ನೋಡಿ ಹೇಳ್ಬೇಕು. ಎಲ್ಲಿ ಗೂಡು?”

ಮಕ್ಕಳು ಸೋಫಾ ತೋರಿಸಿದರು. ಆ ಹೊತ್ತಿಗೆ ಸ್ಕಂದಗಿರಿ ಅಲ್ಲಿತ್ತು. ಅಜ್ಜಿ ಚಪ್ಪಲಿ ಬಿಟ್ಟರು. ಅಡುಗೆಮನೆಗೆ ಹೋಗಿ ಕೈ ತೊಳೆದುಕೊಂಡು ಬಂದರು. ಸೋಫಾದ ಮುಂದೆ ಕೂತು, ನಮಗ್ಯಾರಿಗೂ ಕಾಣದ ಗೂಡನ್ನು ಎರಡೂ ತೋಳಿನಲ್ಲಿ ತಬ್ಬಿ, ಬೆರಳಿನಿಂದ ಒತ್ತಿ ನೋಡಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಜೆಸಿಬಿ ಬಾಯಿ ತೆರೆದುಕೊಂಡು ನೋಡುತ್ತಿದ್ದ.

“ಒಳ್ಳೆ ಜಾತಿ ಗೂಡು. ಬಿತ್ತನೆಗೇ ಸರಿ. ಇದನ್ನ ಯಾರಾದ್ರೂ ಬಿಸಿನೀರ ಹತ್ರ ತಗೊಂಡೋದ್ರೆ ನನ್ನ ಕೈಲಿ ಏಟು ತಿಂತಾರೆ.”

“ಅಜ್ಜಿ ಹೇಳಿದ್ರೆ ಸರಿ” ಎಂದ ರೀಲರ್ ಮಗ ತಕ್ಷಣ. ಆಮೇಲೆ ಗೋಡೆ ಕಡೆ ತಿರುಗಿ ಕಣ್ಣು ಒರೆಸಿಕೊಂಡ.

ಪುಟ್ಟಿ ಅಳಲಿಲ್ಲ. ಅಜ್ಜಿಯ ತೊಡೆಯ ಮೇಲೆ ಕೂತು, ಚಿಟ್ಟೆ ಯಾವಾಗ ಬರುತ್ತದೆ ಎಂದು ಕೇಳಿದಳು. ಮಗು ನಗುತ್ತಿದೆ, ಇನ್ನು ಕರೆದುಕೊಂಡು ಹೋಗುತ್ತಾರೆ ಎಂದು ನಾನು ಎದ್ದು ನಿಂತೆ. ಅವರು ಏಳಲಿಲ್ಲ.

“ಮೊಟ್ಟೆ ಎಷ್ಟಿಕ್ತದೆ ಅಂತ ನೋಡೋದು ಹೆಂಗೆ ಟೀಚರಮ್ಮ? ಇದರಲ್ಲೇನಾ?” ಎಂದು ದಾಳವನ್ನು ಸೆರಗಿನಿಂದ ಒರೆಸಿದರು. ಕಣ್ಣು ಮುಚ್ಚಿ ಏನೋ ಗೊಣಗಿ ಉರುಳಿಸಿದರು. ಇಪ್ಪತ್ತು ಬಿತ್ತು. ಆಟ ಶುರುವಾದಾಗಿನಿಂದ ನಮ್ಮಲ್ಲಿ ಯಾರಿಗೂ ಬೀಳದ ಇಪ್ಪತ್ತು. ಮಕ್ಕಳು ಕುಣಿದಾಡಿದರು. ಅಜ್ಜಿಯ ಮುಖದಲ್ಲಿ ಮಾತ್ರ ಚಿಂತೆ ಇಳಿಯಿತು.

“ದೇವುಡಾ, ಇಪ್ಪತ್ತು ಹುಳಕ್ಕೆ ಸೊಪ್ಪು ಎಲ್ಲಿಂದ ತರೋದು?”

ಪುಟ್ಟಿ ಈಗ ಅಪ್ಪನ ಗಾಡಿ ಹತ್ತಿ ಹುಳುಮನೆಗೆ ಹೋಗುತ್ತಾಳೆ. ಪ್ರತಿ ಬೆಳೆಯಲ್ಲೂ ಒಂದು ಗೂಡು ತನಗೆಂದು ಎತ್ತಿಡಬೇಕು ಎಂದು ಕರಾರು ಮಾಡಿದ್ದಾಳಂತೆ. ಅಪ್ಪ ಒಪ್ಪಿದ್ದಾನೆ. ಒಪ್ಪದೆ ಇದ್ದರೆ ಅಜ್ಜಿ ಬಿಡಬೇಕಲ್ಲ.

ಪರೀಕ್ಷೆ ಮುಗಿಸಿ ಮೊಮ್ಮಗಳು ಮನೆಗೆ ಬಂದದ್ದೂ ಒಂದು ಭಾನುವಾರವೇ. ಹಜಾರದಲ್ಲಿ ದೀಪ ಹಾಕಿರಲಿಲ್ಲ. ಮಕ್ಕಳು ಉಸಿರು ಬಿಗಿಹಿಡಿದು ಗೋಡೆಗೆ ಒರಗಿದ್ದರು. ನಾನೂ ಒರಗಿದ್ದೆ. ನಡುವೆ ಹುಳುಮನೆ ಅಜ್ಜಿ ದಾಳವನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದರು. ಮೂರು ವಾರದಿಂದ ಕಥೆ ನಡೆಸುತ್ತಿರುವವರು ಅವರೇ.

ಮೊಮ್ಮಗಳು ಚೀಲ ಇಳಿಸಿ, “ಏನಾಯ್ತು? ರಾಜಕುಮಾರಿನ ಬಿಡಿಸಿದ್ರಾ?” ಎಂದಳು.

ಹುಳುಮನೆ ಅಜ್ಜಿ ತಲೆಯೆತ್ತದೆ, ಪಿಸುದನಿಯಲ್ಲಿ ಹೇಳಿದರು: “ಅವಳನ್ನ ಯಾವಾಗ್ಲೋ ಬಿಚ್ಚಿ ಸೊಪ್ಪು ಕುಯ್ಯೋಕೆ ಕಳಿಸಿದೀನಿ. ಇನ್ನೂ ಬಂದಿಲ್ಲ. ರಾಜನ ಮಗಳಲ್ವಾ, ಕೈ ನಿಧಾನ. ನೀನು ಚಪ್ಪಲಿ ಆಚೆ ಬಿಟ್ಟು, ಕೈ ತೊಳ್ಕೊಂಡು ಒಳಗೆ ಬಾರಮ್ಮ. ಇಪ್ಪತ್ತೂ ಜ್ವರಕ್ಕೆ ಕೂತವೆ.”